ಬಸಿದ ನೀರೂ ಲೆಕ್ಕಕ್ಕೆ ಬರಬೇಕು: ಹಿರಿಯರ ವಿಟಮಿನ್ ಸೇವನೆ ಅಳೆಯುವಾಗ

ಅರವತ್ತು ದಾಟಿದವರ ಊಟದ ಲೆಕ್ಕಕ್ಕೆ ನಾನು ಎರಡು ನಮೂನೆ ಬಳಸುತ್ತೇನೆ. ಒಂದು, ಹಿಂದಿನ 24 ಗಂಟೆಯಲ್ಲಿ ತಿಂದಿದ್ದನ್ನೆಲ್ಲ ಕೇಳಿ ಬರೆಯುವುದು. ಇನ್ನೊಂದು, ಯಾವ ಪದಾರ್ಥವನ್ನು ವಾರಕ್ಕೆ ಅಥವಾ ತಿಂಗಳಿಗೆ ಎಷ್ಟು ಸಲ ತಿನ್ನುತ್ತಾರೆಂಬ ಪಟ್ಟಿ. ಒಂದೇ ದಿನದ ಲೆಕ್ಕ ನಂಬುವಂತಿಲ್ಲ. ಸೊಪ್ಪು ಮಾಡಿದ ದಿನ ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ಏರುತ್ತದೆ, ಮಾರನೇ ದಿನ ತಿಳಿಸಾರಾದರೆ ಇಳಿದುಬಿಡುತ್ತದೆ. ಅದಕ್ಕೇ ಬಿಟ್ಟು ಬಿಟ್ಟು ಕನಿಷ್ಠ ಎರಡು ದಿನ ಕೇಳುತ್ತೇನೆ, ಅದರಲ್ಲೊಂದು ಭಾನುವಾರ. ಏಕಾದಶಿ, ಶನಿವಾರದ ಒಪ್ಪೊತ್ತು ಇದ್ದರೆ ಪಕ್ಕದಲ್ಲಿ ಗುರುತು ಹಾಕುತ್ತೇನೆ.

"ಹಾಲು ಎಷ್ಟು ಕುಡೀತೀರಿ?" ಎಂಬ ಪ್ರಶ್ನೆಯಿಂದ ಕೆಲಸವಾಗದು. "ಅಜ್ಜಿ, ಎದ್ದ ಮೇಲೆ ಮೊದಲು ಏನು ತಗೊಂಡ್ರಿ? ಆ ಲೋಟ ತೋರಿಸಿ" ಎನ್ನುತ್ತೇನೆ. ಲೋಟಕ್ಕೆ ಅವರು ತುಂಬಿಸುವಷ್ಟೇ ನೀರು ತುಂಬಿಸಿ, ಅಳತೆಯ ಜಾರಿಗೆ ಸುರಿದು ನೋಡುತ್ತೇನೆ. 150 ಮಿಲಿ ಕಾಫಿಯಲ್ಲಿ ಹಾಲು 50 ಮಿಲಿ ಇರಬಹುದು. ಮೂರು ಲೋಟವನ್ನೂ ಬರೀ ಹಾಲೆಂದು ಬರೆದರೆ 150 ಮಿಲಿ ಇದ್ದದ್ದು 450 ಆಗುತ್ತದೆ, ವಿಟಮಿನ್ ಬಿ12 ಇದ್ದದ್ದರ ಮೂರು ಪಟ್ಟಾಗಿ ಕಾಣುತ್ತದೆ. ಸಸ್ಯಾಹಾರಿ ಹಿರಿಯರಿಗೆ ಹಾಲು, ಮೊಸರೇ ಬಿ12ರ ಮುಖ್ಯ ಮೂಲವಾದ್ದರಿಂದ ಈ ತಪ್ಪು ಇಡೀ ಫಲಿತಾಂಶವನ್ನೇ ಕೆಡಿಸುತ್ತದೆ. ಮಜ್ಜಿಗೆಗೂ ಇದೇ ಮಾತು: ಒಂದು ಪಾಲು ಮೊಸರಿಗೆ ಎಷ್ಟು ಪಾಲು ನೀರು ಎಂದು ಕೇಳಲೇಬೇಕು.

ಸಾರಿನ ಪ್ರಮಾಣ ಅಡುಗೆ ಮಾಡಿದವರಿಗೇ ಗೊತ್ತು. ಹಿರಿಯರ ಮುಂದೆಯೇ, ಅವರ ಒಪ್ಪಿಗೆ ಪಡೆದು ಮಗಳನ್ನೋ ಸೊಸೆಯನ್ನೋ ಕೇಳುತ್ತೇನೆ. ಬಿಡಿಸಿದ ಸೊಪ್ಪು 240 ಗ್ರಾಂ, ಆದ ಸಾರು 1,200 ಮಿಲಿ, ಬಡಿಸಿದ್ದು 200 ಮಿಲಿ ಎಂದರೆ ಅವರ ಪಾಲು 40 ಗ್ರಾಂ ಹಸಿ ಸೊಪ್ಪು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದ (ಯಾವ ಪದಾರ್ಥದಲ್ಲಿ ಯಾವ ಪೋಷಕಾಂಶ ಎಷ್ಟೆಂಬ ಪಟ್ಟಿ) ಅಂಕಿಗಳು ಹೆಚ್ಚಾಗಿ ಹಸಿ ಪದಾರ್ಥದವು. ಬೇಯಿಸಿದ ತೂಕವನ್ನು ಅದಕ್ಕೆ ಗುಣಿಸಬಾರದು. ಬಿ12ರ ಅಂಕಿಗೆ ಬೇರೆ ಕೋಷ್ಟಕ ಬೇಕಾಗುತ್ತದೆ, ಯಾವುದೆಂದು ಹಾಳೆಯಲ್ಲೇ ಬರೆದಿಡುತ್ತೇನೆ.

ಬಸ್ಸಾರಿನ ಲೆಕ್ಕ ಇನ್ನೂ ಸೂಕ್ಷ್ಮ. ಸೊಪ್ಪು ಬೇಯುವಾಗ ಫೋಲೇಟ್, ವಿಟಮಿನ್ ಸಿ ನೀರಿಗಿಳಿಯುತ್ತವೆ, ಒಂದಷ್ಟು ಭಾಗ ಬಿಸಿಗೆ ನಾಶವಾಗುತ್ತದೆ. ಬಸಿದ ನೀರು ಸಾರಾದರೆ ಇಳಿದದ್ದು ತಟ್ಟೆಗೇ ಬರುತ್ತದೆ, ಚೆಲ್ಲಿದರೆ ಹೋಯಿತು. ಹಲ್ಲಿಲ್ಲದವರು ಪಲ್ಯ ಬಿಟ್ಟು ಮುದ್ದೆ–ಸಾರಷ್ಟೇ ಉಣ್ಣುತ್ತಾರೆ, ಆಗ ಸೊಪ್ಪನ್ನೂ ಅವರ ಹೆಸರಿಗೆ ಬರೆಯುವುದು ತಪ್ಪು. ನೀರು ಬಸಿದಿರಾ, ಅದೆಲ್ಲಿ ಹೋಯಿತು, ಎಷ್ಟು ಸಲ ಬಿಸಿ ಮಾಡಿದಿರಿ: ಈ ಮೂರನ್ನು ನಾನು ಯಾವತ್ತೂ ಬಿಡುವುದಿಲ್ಲ.

ಎರಡನೇ ನಮೂನೆಯ, ಅಂದರೆ ಎಷ್ಟು ಸಲ ಎಂಬ ಪಟ್ಟಿಯ ಲೆಕ್ಕ ಸರಳ. ತಿಂಗಳಿಗೆ ಎಷ್ಟು ಸಲ ಎಂಬುದನ್ನು 30ರಿಂದ ಭಾಗಿಸಿ, ಒಂದು ಸಲದ ಗ್ರಾಂನಿಂದ ಗುಣಿಸಿದರೆ ದಿನದ ಸರಾಸರಿ. ಮಾವಿನ ಕಾಲವನ್ನು ಬೇರೆ ಕೇಳದಿದ್ದರೆ ಬೇಸಿಗೆಯ ವಿಟಮಿನ್ ಎ ವರ್ಷವಿಡೀ ಇದ್ದಂತೆ ಕಾಣುತ್ತದೆ.

ಮಾತ್ರೆಗಳಿಗೆ ಬೇರೆ ಕಾಲಂ. ಸ್ಟ್ರಿಪ್ ತರಿಸಿ, ಮೈಕ್ರೋಗ್ರಾಂ ಇದೆಯೋ ಮಿಲಿಗ್ರಾಂ ಇದೆಯೋ ನೋಡಿಯೇ ಬರೆಯುತ್ತೇನೆ. ವಿಟಮಿನ್ ಡಿಗೆ ಬಿಸಿಲೇ ಮುಖ್ಯ ಮೂಲ, ಊಟದ ಪ್ರಶ್ನೆಗಳಿಂದ ಅದರ ಸ್ಥಿತಿ ತಿಳಿಯದು. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾದವರಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ತಿಂದಷ್ಟು ಹೀರಿಕೊಳ್ಳುವುದಿಲ್ಲ. ಆದ್ದರಿಂದ ವರದಿಯಲ್ಲಿ "ಸೇವನೆ ಕಡಿಮೆ" ಎಂದಷ್ಟೇ ಬರೆಯುತ್ತೇನೆ; "ಕೊರತೆ" ಎಂಬ ಪದಕ್ಕೆ ರಕ್ತಪರೀಕ್ಷೆ ಬೇಕು.