ಬಯಾಸ್ ಅಪ್‌ಡೇಟ್ ಆದಮೇಲೆ ಎಸ್‌ಎಸ್‌ಡಿ ಮಾಯ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನನ್ನ ಹಳೇ ಲ್ಯಾಪ್‌ಟಾಪ್ 11ಕ್ಕೆ ಲಾಯಕ್ಕಿಲ್ಲ. ಸರಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತ ಕೂತೆ.

ಮೊದಲು ಬಯಾಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಓಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್. ಚಾರ್ಜರ್ ಹಾಕಿದ್ದರೂ ಬ್ಯಾಟರಿ ಸತ್ತಿದೆ ಅಂತ ಶುರುವೇ ಆಗಲಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರೆ ಮದರ್‌ಬೋರ್ಡೇ ಕೆಡಬಹುದು, ಅದರ ಹಟವೂ ಸರಿಯೇ ಅಲ್ವಾ? ಹೊಸ ಬ್ಯಾಟರಿ ಹಾಕಿಸಿದೆ, ಕೆಲಸ ಆಯಿತು.

ಆಮೇಲೆ ಪೆನ್‌ಡ್ರೈವ್‌ನಿಂದ ಮಿಂಟ್ ಬೂಟ್ ಮಾಡಿದರೆ ಲ್ಯಾಪ್‌ಟಾಪಿನ ಡಿಸ್ಕ್, ಅಂದರೆ ಎಸ್‌ಎಸ್‌ಡಿಯೇ ಕಾಣಿಸುತ್ತಿಲ್ಲ! ಎದೆ ಧಸಕ್ ಅಂದಿತು. ಅರ್ಧ ದಿನ ಸುಮ್ನೆ ಪೆನ್‌ಡ್ರೈವನ್ನು ಬೈದೆ. ಅಪ್‌ಡೇಟ್ ಆದಾಗ ಬಯಾಸ್ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ, ಸಾಟಾ ಮೋಡ್ (ಡಿಸ್ಕ್ ಜೊತೆ ಲ್ಯಾಪ್‌ಟಾಪ್ ಮಾತಾಡುವ ರೀತಿ) ರೇಡ್‌ಗೆ ತಿರುಗಿತ್ತು, ಅದರಲ್ಲಿ ಮಿಂಟ್‌ಗೆ ಡಿಸ್ಕ್ ಕಾಣುತ್ತಿರಲಿಲ್ಲ, ಅಷ್ಟೇ. ಆ ಮೋಡನ್ನು ಎಎಚ್‌ಸಿಐ ಅನ್ನೋ ಮಾಮೂಲಿ ಮೋಡ್‌ಗೆ ಬದಲಿಸಿದೆ, ಡಿಸ್ಕ್ ಬಂತು. ವಿಂಡೋಸ್ ಉಳಿಸಿಕೊಳ್ಳುವವರು ಹೀಗೆ ಏಕಾಏಕಿ ಬದಲಿಸಬೇಡಿ, ಅದು ಬೂಟ್ ಆಗದೇ ಹೋಗಬಹುದು. ನನಗೆ ಆ ಚಿಂತೆ ಇರಲಿಲ್ಲ. ಫೋಟೋಗಳೆಲ್ಲ ಆಗಲೇ ಬೇರೆ ಡಿಸ್ಕಿನಲ್ಲಿದ್ದವು.