ಎರಡು ಹೋಳಿನ ಕೀಲಿಮಣೆಯಲ್ಲಿ ‘ಡ’ಗೆ ಜಾಗ ಹುಡುಕಿದ್ದು

ಅನುವಾದ ನನ್ನ ಕಸುಬು. ದಿನಕ್ಕೆ ಎರಡು ಸಾವಿರ ಪದಗಳನ್ನಾದರೂ ಕನ್ನಡದಲ್ಲಿ ಬೆರಳಚ್ಚಿಸುತ್ತೇನೆ, ಅದೂ ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ. ಕಳೆದ ವರ್ಷ ಬಲ ಮಣಿಕಟ್ಟಿನ ಹೊರಬದಿ, ಕಿರುಬೆರಳಿನ ನೇರಕ್ಕೆ, ನೋಯಲು ಶುರುವಾಯಿತು. ಸಂಜೆಯ ಹೊತ್ತಿಗೆ ಹಾಲಿನ ಪಾತ್ರೆ ಎತ್ತುವುದಕ್ಕೂ ಎಡಗೈ ಆಸರೆ ಬೇಕಾಗುತ್ತಿತ್ತು. ಫಿಸಿಯೋಥೆರಪಿಸ್ಟ್ ನನ್ನನ್ನು ಹತ್ತು ನಿಮಿಷ ಟೈಪ್ ಮಾಡಲು ಹೇಳಿ, ಪಕ್ಕದಲ್ಲಿ ನಿಂತು ನೋಡಿದರು. ಮಾಮೂಲಿ ಕೀಲಿಮಣೆ ಎರಡೂ ಕೈಗಳನ್ನು ಎದೆಯ ಮುಂದೆ ಒಂದೆಡೆ ಸೇರಿಸುತ್ತದೆ. ಮುಂಗೈ ಓರೆಯಾಗಿ ಬರುತ್ತದೆ, ಬೆರಳುಗಳು ಮಾತ್ರ ನೇರ ಇರಬೇಕು. ಆ ತಿರುವೆಲ್ಲ ಮಣಿಕಟ್ಟಿನ ಪಾಲು.

ಆದರೆ ಎಡಗೈಗೆ ಇಲ್ಲದ ನೋವು ಬಲಗೈಗೇ ಏಕೆ? ಉತ್ತರ ಸಿಕ್ಕಿದ್ದು ಇನ್‌ಸ್ಕ್ರಿಪ್ಟ್ ನಕ್ಷೆಯನ್ನು ಮುದ್ರಿಸಿಕೊಂಡು ಬಲ ಕಿರುಬೆರಳಿನ ಕೆಲಸಕ್ಕೆಲ್ಲ ಕೆಂಪು ಶಾಯಿ ಬಳಿದಾಗ. ಜ, ಡ, ಚ, ಟ, ಯ ಐದೂ ಅದರ ಪಾಲಿಗೇ ಬಂದಿವೆ. ಅಳಿಸುವ ಕೀಲಿ, ಎಂಟರ್ ಕೂಡ ಅದರವೇ. ಇನ್ನು ಅ, ಆ, ಇ, ಉ, ಎ ಎಲ್ಲವೂ ಎಡಗೈಯ ಕೀಲಿಗಳು, ಶಿಫ್ಟ್ ಒತ್ತಿದರೆ ಮಾತ್ರ ಬರುವಂಥವು. ಹಾಗಾಗಿ ‘ಅವನು’, ‘ಇಲ್ಲಿ’, ‘ಎಲ್ಲ’ ಎಂದು ಆರಂಭಿಸಿದಾಗಲೆಲ್ಲ ಬಲ ಕಿರುಬೆರಳು ಮೂಲೆಯ ಶಿಫ್ಟ್‌ಗೆ ಚಾಚಲೇಬೇಕು. ಕನ್ನಡದ ಭಾರವನ್ನೆಲ್ಲ ಕೈಯಲ್ಲಿ ಅತ್ಯಂತ ದುರ್ಬಲವಾದ ಬೆರಳು ಹೊತ್ತಿತ್ತು.

ಕೀಲಿಮಣೆಯನ್ನು ಎರಡು ಹೋಳಾಗಿಸಿ ಭುಜದಗಲಕ್ಕೆ ಇಟ್ಟುಕೊಂಡರೆ ಮಣಿಕಟ್ಟು ನೇರವಾಗುತ್ತದೆ ಎಂದು ತಿಳಿದಿತ್ತು. ಸ್ನೇಹಿತರೊಬ್ಬರು ತಮ್ಮ ಕಾರ್ನ್ ಎಂಬ ಎರಡು ಹೋಳಿನ ಕೀಲಿಮಣೆಯನ್ನು ಒಂದು ವಾರದ ಮಟ್ಟಿಗೆ ಕೊಟ್ಟರು. 42 ಕೀಲಿಗಳ, ಅಂಗೈಗೆ ಹೊಂದುವ ಚಂದದ ವಸ್ತು. ಇಂಗ್ಲಿಷ್ ಟೈಪ್ ಮಾಡಿದಾಗ ಮನಸೋತೆ. ಕನ್ನಡಕ್ಕೆ ಬದಲಿಸಿ ‘ಕನ್ನಡ’ ಎಂದು ಬರೆಯಲು ಹೋದೆ. ಕ, ನ, ಅರ್ಧಾಕ್ಷರದ ಕೀಲಿ, ಮತ್ತೆ ನ; ಅಲ್ಲಿಗೆ ಬೆರಳು ನಿಂತಿತು. ಇನ್‌ಸ್ಕ್ರಿಪ್ಟಿನಲ್ಲಿ ‘ಡ’ ಇರುವುದು ಚೌಕಾವರಣದ ([) ಕೀಲಿಯಲ್ಲಿ, ಆ ಕೀಲಿಯೇ ಕಾರ್ನ್‌ನ ಮೊದಲ ಪದರದಲ್ಲಿ, ಎಂದರೆ ನೇರವಾಗಿ ಒತ್ತಿದರೆ ಸಿಗುವ ಕೀಲಿಗಳಲ್ಲಿ, ಇಲ್ಲ. ‘ಹೊಸ’, ‘ಗೊತ್ತು’, ‘ಕೊಡು’ ಎಂಬಲ್ಲಿನ ಒತ್ವ ಅಂಕಿಗಳ ಸಾಲಿನ ಎಡತುದಿಯಲ್ಲಿದೆ. ಅಂಕಿಗಳ ಸಾಲೇ ಇಲ್ಲದ ಮೇಲೆ ಅದೂ ಇಲ್ಲ. ಇನ್ನೊಂದು ಕೀಲಿ ಒತ್ತಿಹಿಡಿದು ಎರಡನೆಯ ಪದರದಿಂದ ತೆಗೆಯಬಹುದು, ನಿಜ. ಆದರೆ ಸಾಲುಸಾಲಿಗೂ ‘ಮಾಡು’, ‘ನೋಡು’, ‘ಕೊಂಡು’ ಬರುವ ಭಾಷೆಯಲ್ಲಿ ‘ಡ’ ಪದರದಡಿ ಅಡಗಿರಬಾರದು. ಕೆ.ಪಿ. ರಾವ್ ರೂಪಿಸಿದ ಇನ್ನೊಂದು ಕನ್ನಡ ವಿನ್ಯಾಸದಲ್ಲಿ ಬರೆಯುವವರಿಗೆ ಈ ತೊಡಕಿಲ್ಲ, ಅಲ್ಲಿ ಅಕ್ಷರಗಳೆಲ್ಲ ಇಂಗ್ಲಿಷಿನ 26 ಕೀಲಿಗಳೊಳಗೇ ಇವೆ. ಅಂಥವರು ಕಾರ್ನ್ ಅನ್ನು ಧೈರ್ಯವಾಗಿ ಕೊಳ್ಳಬಹುದು.

ಹಾಗೆ ಲಿಲಿ58 ಎಂಬ ಇನ್ನೊಂದು ಎರಡು ಹೋಳಿನ ಕೀಲಿಮಣೆಗೆ ಬಂದೆ. ಒಂದೊಂದು ಹೋಳಿಗೆ 29 ಕೀಲಿ. ಅಂಕಿಗಳ ಸಾಲಿದೆ, ಹೆಬ್ಬೆರಳಿಗೆ ನಾಲ್ಕು ಕೀಲಿ, ತೋರುಬೆರಳಿನ ಒಳಬದಿಗೆ ಒಂದು ಹೆಚ್ಚಿನ ಕೀಲಿ. ಕೀಲಿಗಳು ಅಡ್ಡಸಾಲಿನಲ್ಲಿ ಓರೆಯಾಗದೆ ಕಂಬಸಾಲಿನಲ್ಲಿ ನಿಂತಿವೆ, ನಡುಬೆರಳಿನ ಕಂಬ ತುಸು ಮೇಲೆ, ಕಿರುಬೆರಳಿನದು ತುಸು ಕೆಳಗೆ. ಕೀಲಿಮಣೆ ಗಣಕಕ್ಕೆ ಕಳಿಸುವುದು ಕೀಲಿಯ ಸಂಕೇತವನ್ನಷ್ಟೇ, ಅದನ್ನು ಕನ್ನಡ ಅಕ್ಷರವಾಗಿಸುವುದು ಗಣಕದ ಕೆಲಸ. ಆದ್ದರಿಂದ ಕೀಲಿಗಳ ಕೆಲಸ ಬದಲಿಸುವ ವಯಲ್ ತಂತ್ರಾಂಶದಲ್ಲಿ ಸಂಕೇತದ ಜಾಗ ಬದಲಿಸಿದರೆ ಅಕ್ಷರವೂ ಜೊತೆಗೆ ಹೋಗುತ್ತದೆ. ‘ಡ’ವನ್ನು ಬಲ ತೋರುಬೆರಳಿನ ಆ ಹೆಚ್ಚಿನ ಕೀಲಿಗೆ ತಂದೆ. ಒತ್ವವನ್ನು ಓತ್ವದ ಪಕ್ಕಕ್ಕೇ, ಎಡ ಕಿರುಬೆರಳಿನ ಹೊರಬದಿಗೆ ಇಟ್ಟೆ. ಶಿಫ್ಟ್ ಎಡ ಹೆಬ್ಬೆರಳಿಗೆ, ಅಳಿಸುವ ಕೀಲಿ ಮತ್ತು ಎಂಟರ್ ಬಲ ಹೆಬ್ಬೆರಳಿಗೆ. ಕೆಂಪು ಶಾಯಿಯ ಅರ್ಧದಷ್ಟು ಅಲ್ಲಿಗೇ ಕರಗಿತು.

ಹೆಚ್ಚು ಕಾಡಿದ್ದು ‘ವ’. ಅದು ಎಡಗೈಯ ಅಕ್ಷರ, ನಾನು ಇಷ್ಟು ವರ್ಷ ಬಲ ತೋರುಬೆರಳಿನಿಂದ ಒತ್ತುತ್ತಿದ್ದೆ. ಎರಡು ಹೋಳಾದ ಮೇಲೆ ಆ ಬೆರಳು ಬರಿಯ ಮೇಜನ್ನು ಕುಟ್ಟುತ್ತಿತ್ತು. ‘ಅವರು’ ಎನ್ನುವುದು ‘ಅರು’ ಆಗುತ್ತಿತ್ತು. ಮೂರು ವಾರ ಹಿಡಿಯಿತು. ಈ ಅವಧಿಯಲ್ಲಿ ಗಡುವಿನ ಕೆಲಸ ಒಪ್ಪಿಕೊಳ್ಳಬೇಡಿ, ದಿನಕ್ಕೆ ಅರ್ಧ ಗಂಟೆ ಪತ್ರಿಕೆಯ ಸುದ್ದಿ ನೋಡಿ ಟೈಪ್ ಮಾಡಿ.

ಕೀಲಿಗಳಡಿಯ ಸ್ವಿಚ್ಚುಗಳ ಬಗ್ಗೆ ಹೇಳುವುದು ಕಡಿಮೆ. ಟಕಟಕ ಸದ್ದಿನ ನೀಲಿ ಸ್ವಿಚ್ಚು ರಾತ್ರಿ ಮನೆಯವರ ನಿದ್ದೆ ಕೆಡಿಸುತ್ತದೆ. ಸುಮಾರು 55 ಗ್ರಾಂ ಒತ್ತಡ ಬೇಡುವ ಕಂದು ಸ್ವಿಚ್ಚನ್ನು ಉಳಿದ ಬೆರಳುಗಳಿಗೂ 45 ಗ್ರಾಮಿನ ಕೆಂಪನ್ನು ಕಿರುಬೆರಳುಗಳಿಗೂ ಹಾಕಿದ್ದೇನೆ. ಬೆಸುಗೆಯಿಲ್ಲದೆ ಸ್ವಿಚ್ಚು ಬದಲಿಸಬಲ್ಲ ಹಲಗೆಯನ್ನೇ ಕೊಂಡಿದ್ದರಿಂದ ಇದು ಸಾಧ್ಯವಾಯಿತು. ಸ್ವಿಚ್ಚನ್ನು ಮಾತ್ರ ನೇರವಾಗಿ ಕೂರಿಸಬೇಕು. ನನ್ನಲ್ಲಿ ‘ಮ’ ಒಂದು ದಿನವಿಡೀ ಮೂಡಲಿಲ್ಲ. ಕಿತ್ತು ತಿರುಗಿಸಿ ನೋಡಿದರೆ ಎರಡು ತಾಮ್ರದ ಕಾಲುಗಳಲ್ಲಿ ಒಂದು ಮಡಿಸಿ ತಳಕ್ಕೆ ಅಂಟಿಕೊಂಡಿತ್ತು. ಚಿಮಟದಿಂದ ನೆಟ್ಟಗೆ ಮಾಡಿ ಮತ್ತೆ ಕೂರಿಸಿದೆ, ಸರಿಹೋಯಿತು. ಹೋಳುಗಳನ್ನು ಕೂಡಿಸುವ ತಂತಿಯನ್ನು ಯುಎಸ್‌ಬಿ ಚಾಲೂ ಇರುವಾಗ ಕೀಳಬೇಡಿ, ಶಾರ್ಟ್ ಆಗಿ ಒಳಗಿನ ಚಿಪ್ ಸುಡಬಹುದು.

ಹೋಳುಗಳ ಒಳಅಂಚನ್ನು ಎತ್ತರಿಸಲು ಮೊದಲು ಪುಸ್ತಕಗಳನ್ನಿಟ್ಟು ನೋಡಿದೆ. ಎರಡು ಬೆರಳಗಲ ಎತ್ತರಕ್ಕೆ ಅಂಗೈಗಳು ಒಂದಕ್ಕೊಂದು ಎದುರಾಗಿ ವಾಲಿ ಹಾಯೆನಿಸಿತು. ಆಮೇಲೆ ಆ ಅಳತೆಗೆ ಬಡಗಿಯಿಂದ ಮರದ ಬೆಣೆ ಮಾಡಿಸಿದೆ. ನೋವು ಎರಡನೆಯ ತಿಂಗಳಿಗೆ ಬಹುಪಾಲು ಇಳಿಯಿತು. ಜೊತೆಗೆ ವ್ಯಾಯಾಮವೂ ನಡೆದಿತ್ತು, ಶ್ರೇಯವೆಲ್ಲ ಕೀಲಿಮಣೆಯದೆಂದು ಹೇಳಲಾರೆ. ದೀರ್ಘ ಅಧ್ಯಾಯಗಳ ದಿನ ‘ಟ’ ಈಗಲೂ ಕಿರುಬೆರಳನ್ನು ಎಳೆಯುತ್ತದೆ. ಈ ವಾರ ಅದನ್ನೂ ಬೇರೆಡೆಗೆ ಸರಿಸಿ ನೋಡುತ್ತಿದ್ದೇನೆ.