ಮೊದಲು ಸ್ಟಾಟಿಸ್ಟಿಕ್ಸ್, ಆಮೇಲೆ ಬ್ರಾಕೆಟ್ಟು

"ಭಿನ್ನರಾಶಿ ಕೂಡೋಕೆ ಬಾರದವರಿಗೆ ಸ್ಟಾಟಿಸ್ಟಿಕ್ಸ್ ಕಲಿಸ್ತೀಯಾ?" ಅಂತ ನಮ್ಮ ಡಿಪಾರ್ಟ್‌ಮೆಂಟಿನ ಹಿರಿಯರೊಬ್ಬರು ನಕ್ಕಿದ್ದರು. ಕಳೆದ ಸೆಮಿಸ್ಟರಿನಲ್ಲಿ ಅಂಥವರೇ 31 ಮಂದಿ ನನ್ನ ಕ್ಲಾಸಿನಲ್ಲಿದ್ದರು. 22 ಮಂದಿ ಪಾಸು. ಆ ಹಿರಿಯರು ಈಗ ನಗುತ್ತಿಲ್ಲ, ನನ್ನ ವರ್ಕ್‌ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಅಡ್ಜಂಕ್ಟ್, ಅಂದರೆ ಅರೆಕಾಲಿಕ ಮೇಷ್ಟ್ರು. ಗಣಿತದಲ್ಲಿ ಹಿಂದುಳಿದವರು ಕಾಲೇಜು ಮಟ್ಟದ ಗಣಿತಕ್ಕೆ ಮುಂಚೆ ಹತ್ತಬೇಕಿದ್ದ ಹಳೆಯ ಏಣಿ ಹೀಗಿತ್ತು: ಅರಿಥ್ಮೆಟಿಕ್, ಪ್ರೀ ಆಲ್‌ಜೀಬ್ರಾ, ಎಲಿಮೆಂಟರಿ, ಇಂಟರ್‌ಮೀಡಿಯೆಟ್. ಒಂದೊಂದು ಮೆಟ್ಟಿಲಲ್ಲಿ ನೂರಕ್ಕೆ 70 ಪಾಸು ಅಂದುಕೊಳ್ಳಿ. ಪಾಸಾದವರಲ್ಲಿ ನೂರಕ್ಕೆ 80 ಜನ ಮುಂದಿನದಕ್ಕೆ ಸೇರಿದರು ಅನ್ನಿ. ಮೂರು ಮೆಟ್ಟಿಲು ದಾಟಿ ನಾಲ್ಕನೆಯದಕ್ಕೆ ಸೇರುವಷ್ಟರಲ್ಲಿ ನೂರರಲ್ಲಿ 17-18 ಮಂದಿ ಉಳಿಯುತ್ತಾರೆ. ಯೂನಿಟ್ಟಿಗೆ 46 ಡಾಲರ್‌ನಂತೆ ನಾಲ್ಕೂ ಕೋರ್ಸಿಗೆ ಹತ್ತಿರ ಹತ್ತಿರ 900 ಡಾಲರ್, ಮೇಲೆ ಎರಡು ವರ್ಷ. ಫೀ ಮಾಫಿ ಇದ್ದವರಿಗೂ ಆ ಎರಡು ವರ್ಷ ಮಾಫಿ ಇಲ್ಲ.

ಮೊದಲ ಸೋಲು 2016ರಲ್ಲಿ. ಏಣಿಯ ಎರಡು ಕೋರ್ಸು ಒತ್ತಿ ಒಂದೇ ಸೆಮಿಸ್ಟರಿಗೆ ತುರುಕಿದೆ. ಐದನೇ ವಾರಕ್ಕೆ ಅರ್ಧ ಕ್ಲಾಸು ಖಾಲಿ. ರಾತ್ರಿ ಗೋಡೌನಿನಲ್ಲಿ ದುಡಿದು ಬೆಳಿಗ್ಗೆ 8ಕ್ಕೆ ಬರುವ ಹುಡುಗನಿಗೆ ದಿನಕ್ಕೆ ಎರಡು ಪಾಠ ಅಂದರೆ ಏನು ಗತಿ?

ಆಮೇಲೆ ಕಂಪ್ಯೂಟರ್ ಲ್ಯಾಬು. ಅವರವರ ವೇಗದಲ್ಲಿ ಕಲಿಯಲಿ ಅಂತ. ಸಾಫ್ಟ್‌ವೇರ್ ಕೋಡಿಗೆ ತಲೆಗೆ ಸುಮಾರು 100 ಡಾಲರ್ ಕಟ್ಟಿಸಿದೆವು. ಅವರವರ ವೇಗ ಅಂದರೆ ಬಹಳ ಜನಕ್ಕೆ ಸೊನ್ನೆ. ಒಬ್ಬಾಕೆ ಋಣಸಂಖ್ಯೆಯ ಒಂದೇ ಪಾಠದಲ್ಲಿ ಆರು ವಾರ ಕೂತಿದ್ದಳು. ನಾನು ಗಮನಿಸಿದ್ದು ಏಳನೇ ವಾರ. ಆ ತಪ್ಪು ನನ್ನದೇ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ 2017ರ ಎಬಿ 705 ಕಾನೂನು ಬಂದು, 2019ರ ಫಾಲ್‌ನಿಂದ ಎಲ್ಲರನ್ನೂ ಹೆಚ್ಚುಕಮ್ಮಿ ನೇರವಾಗಿ ಕಾಲೇಜು ಮಟ್ಟದ ಗಣಿತಕ್ಕೆ ಬಿಡಬೇಕಾಯಿತು. ಜೊತೆಗೆ ಒಂದು ಸಪೋರ್ಟ್ ಕ್ಲಾಸು. ನಾನು ಆ ಸಪೋರ್ಟ್ ಗಂಟೆಯಲ್ಲಿ ಏನು ಮಾಡಿದೆ? ಹಳೇ ಅರಿಥ್ಮೆಟಿಕ್ ಪುಸ್ತಕ ತೆಗೆದು ಒಂದನೇ ಅಧ್ಯಾಯದಿಂದ ಶುರುಮಾಡಿದೆ! ಸುಮ್ನೆ ಹಳೇ ಏಣಿಯನ್ನೇ ಅಡ್ಡ ಮಲಗಿಸಿದ ಹಾಗೆ. 30ರಲ್ಲಿ 12 ಪಾಸು.

ಕಣ್ಣು ತೆರೆಸಿದ್ದು ಒಂದು ಕ್ಯಾಲ್ಕ್ಯುಲೇಟರ್. ಝಡ್ ಸ್ಕೋರ್ ಲೆಕ್ಕ, ಅಂದರೆ ಒಂದು ಅಳತೆ ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡಿವಿಯೇಶನ್ (ಅಳತೆಗಳ ಚದುರುವಿಕೆಯ ಮಾನ) ದೂರ ಅನ್ನೋದು. ಅಳತೆಯಿಂದ ಸರಾಸರಿ ಕಳೆದು ಡಿವಿಯೇಶನ್‌ನಿಂದ ಭಾಗಿಸಬೇಕು. ಎತ್ತರ 72 ಇಂಚು, ಸರಾಸರಿ 65, ಸ್ಟ್ಯಾಂಡರ್ಡ್ ಡಿವಿಯೇಶನ್ 4. ಎರಡು ಮಕ್ಕಳ ತಾಯಿಯೊಬ್ಬರು 72 − 65 ÷ 4 ಒತ್ತಿ 55.75 ಬರೆದರು. "ಸರಾಸರಿಗಿಂತ 55 ಡಿವಿಯೇಶನ್ ಎತ್ತರ ಅಂದರೆ ಒಂದೊಂದಕ್ಕೆ 4 ಇಂಚು. ಈ ಮನುಷ್ಯನ ತಲೆ ಎಲ್ಲಿರುತ್ತೆ?" ಅಂತ ಕೇಳಿದೆ. ಬೆರಳಲ್ಲಿ ಎಣಿಸಿದರು. ಸೂರು ನೋಡಿದರು. ನಗು ತಡೆಯಲಾಗಲಿಲ್ಲ. ಕಳೆಯುವುದು ಮೊದಲು ಆಗಬೇಕು ಅಂತ ಅವರೇ ಹೇಳಿದರು. ಬ್ರಾಕೆಟ್ ಹಾಕಿದರು, 1.75 ಬಂತು. ಹತ್ತು ನಿಮಿಷದ ಕೆಲಸ. ಅದೇ ಬ್ರಾಕೆಟ್ಟಿಗೆ ಪ್ರೀ ಆಲ್‌ಜೀಬ್ರಾದಲ್ಲಿ ನಾನು ಎರಡು ವಾರ ಗಂಟಲು ಹರಿದುಕೊಂಡಿದ್ದೆ.

ಅಲ್ಲಿಂದ ಒಂದೇ ನಿಯಮ. ಇವತ್ತಿನ ಸ್ಟಾಟಿಸ್ಟಿಕ್ಸ್ ಲೆಕ್ಕ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೋ ಅಷ್ಟೇ ಗಣಿತ, ಅವತ್ತೇ. ಮುಂಚೆ ಅಲ್ಲ. ಕ್ಯಾಲ್ಕ್ಯುಲೇಟರ್ ಪರದೆಯಲ್ಲಿ ಪಿ ವ್ಯಾಲ್ಯೂ (ಫಲಿತಾಂಶ ಬರೀ ಆಕಸ್ಮಿಕವೇ ಅಂತ ನೋಡುವ ಅಂಕಿ, ಸಾಮಾನ್ಯವಾಗಿ 0.05ರ ಜೊತೆ ಹೋಲಿಸುತ್ತೇವೆ) 2.1ಇ−4, ಅಂದರೆ 0.00021, ಅಂತ ಬಂದಾಗ ಅರ್ಧ ಕ್ಲಾಸು "2.1 ಜಾಸ್ತಿ, 0.05 ಕಡಿಮೆ" ಅಂತ ಉತ್ತರ ತಿರುಗಿಸಿ ಬರೆಯುತ್ತೆ. ಹತ್ತರ ಘಾತ ಹೇಳಿಕೊಡುವ ದಿನ ಅದೇ. ದಶಮಾಂಶದ ಹೋಲಿಕೆಯೂ ಅಲ್ಲೇ ಮುಗಿಯುತ್ತೆ. ಎರಡು ಭಿನ್ನರಾಶಿಗಳ ಭಾಗಾಕಾರ ಇಡೀ ಸೆಮಿಸ್ಟರಿನಲ್ಲಿ ಬೇಕಾಗಲೇ ಇಲ್ಲ. ಬಿಟ್ಟೆ.

ಹಾಸನದ ಹತ್ತಿರ ಹೈಸ್ಕೂಲಿನಲ್ಲಿ ಪಾಠ ಮಾಡುವ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, "ನಮ್ಮ ಸೇತುಬಂಧ ಅಲ್ವೇನೋ ಇದು?" ಅಂದಳು. ಅಲ್ಲ ಕಣೇ ಅಂದೆ. ನೀವು ಜೂನ್‌ನಲ್ಲಿ ಹಳೇ ಪಾಠ ಗಟ್ಟಿಮಾಡಿಸಿ ಸೇತುವೆ ಕಟ್ಟಿ ಆಮೇಲೆ ಹೊಳೆ ದಾಟಿಸ್ತೀರಿ. ನಾನು ನೀರಿಗಿಳಿಸಿ, ಕಾಲು ಜಾರಿದ ಕಡೆ ಒಂದು ಕಲ್ಲು ಹಾಕ್ತೀನಿ. "ಮುಳುಗಿಸಬೇಡ" ಅಂದಳು.

ಇದೆಲ್ಲ ನನ್ನ ತಲೆಯಿಂದಲೇ ಬಂತು ಅಂತ ಹೇಳಲಾರೆ. ನ್ಯೂಯಾರ್ಕ್ ಸಿಟಿ ಯೂನಿವರ್ಸಿಟಿಯವರು 2013ರಲ್ಲಿ 3 ಕಮ್ಯುನಿಟಿ ಕಾಲೇಜುಗಳಲ್ಲಿ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಹಂಚಿ ನೋಡಿದ್ದರು. ಎಲಿಮೆಂಟರಿ ಆಲ್‌ಜೀಬ್ರಾದಲ್ಲಿ ನೂರಕ್ಕೆ 39 ಪಾಸು, ನೇರ ಸ್ಟಾಟಿಸ್ಟಿಕ್ಸ್ ಜೊತೆಗೆ ವಾರಕ್ಕೊಂದು ವರ್ಕ್‌ಶಾಪ್ ಇದ್ದವರಲ್ಲಿ 56. ಹಿರಿಯರ ಬಾಯಿ ಮುಚ್ಚಿಸಲು ಇದನ್ನು ತೋರಿಸಿದ್ದೆ. "ಅದು ನ್ಯೂಯಾರ್ಕ್" ಅಂದರು.

ದುಡ್ಡಿನ ವಿಷಯ. ಪುಸ್ತಕ ಓಪನ್‌ಸ್ಟ್ಯಾಕ್ಸ್‌ನದು, ಹೋಮ್‌ವರ್ಕ್ ಮೈಓಪನ್‌ಮ್ಯಾಥ್, ಎರಡೂ ಪುಕ್ಕಟೆ. ಪರೀಕ್ಷೆಯಲ್ಲಿ ಫೋನ್ ಬಿಡುವ ಹಾಗಿಲ್ಲ, ಹೊಸ ಟಿಐ-84 ಕ್ಯಾಲ್ಕ್ಯುಲೇಟರಿಗೆ ನೂರು ಡಾಲರ್ ದಾಟುತ್ತೆ. ಗ್ಯಾರೇಜ್ ಸೇಲ್ ಅಲೆದು ಹಳೆಯವು 14 ಕೊಂಡೆ, ಒಂದಕ್ಕೆ 40ರ ಆಸುಪಾಸು. ಒಟ್ಟು 560 ಇರಬೇಕು. ಕಾಲೇಜಿನಿಂದ ವಾಪಸ್ ಬಂದಿದ್ದು 200. ಸಪೋರ್ಟ್ ಗಂಟೆಗೆ ಲ್ಯಾಬಿನ ದರ, ಅಂದರೆ ಕ್ಲಾಸಿಗಿಂತ ಕಮ್ಮಿ ಸಂಬಳ. ಆದರೆ ತಯಾರಿ ಅದಕ್ಕೇ ಜಾಸ್ತಿ. ಮನೆಯವಳು ಲೆಕ್ಕ ಕೇಳಿದಾಗ ಮಾತು ಬದಲಿಸಿದೆ.

ಮಧ್ಯೆ ಒಂದೆರಡು ಹುಚ್ಚು ಪ್ರಯೋಗ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿಸಿದೆ, ನಮ್ಮಪ್ಪ ನನಗೆ ಮಾಡಿಸಿದ ಹಾಗೆ. ಎರಡು ದಿನ ಖುಷಿಯಿಂದ ಹೇಳಿದರು, ಮೂರನೇ ದಿನ ಮರೆತರು. ಸಪೋರ್ಟ್ ಗಂಟೆಯನ್ನು ಪಾಠಕ್ಕಿಂತ ಮೊದಲು ಇಟ್ಟೆ. ಬಸ್ಸು ತಡ, ಅರ್ಧ ಜನ ಬರಲಿಲ್ಲ. ಮತ್ತೆ ಪಾಠದ ನಂತರಕ್ಕೆ ಹಾಕಿ, ಮೇಜಿನ ಮೇಲೆ ಎರಡು ಡಜನ್ ಬಾಳೆಹಣ್ಣು ಇಟ್ಟೆ. ಹಾಜರಿ ಏರಿತು. ತಮಾಷೆ ಅಲ್ಲ, ಮಧ್ಯಾಹ್ನ 1 ಗಂಟೆಗೆ ಹಸಿದ ಹೊಟ್ಟೆಯಲ್ಲಿ ಯಾವ ಗಣಿತ?

ಮೊದಲ ವಾರ ಗುಂಪು ಹೇಗೆ ಮಾಡುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ. ಪಾಸಿನಲ್ಲಿ ನಾಲ್ಕೈದು ಮಂದಿ ಅದರಿಂದಲೇ ಅಂತ ನನ್ನ ನಂಬಿಕೆ. ಪ್ಲೇಸ್‌ಮೆಂಟ್ ಅಂಕ (ಯಾವ ಮಟ್ಟದ ಕ್ಲಾಸಿಗೆ ಹಾಕಬೇಕು ಅಂತ ತೀರ್ಮಾನಿಸುವ ಅಂಕ) ನೋಡಿ ಮಾಡುವುದಿಲ್ಲ, ಅಷ್ಟು ಸುಳಿವು ಸಾಕು.

ಇಂಜಿನಿಯರಿಂಗ್ ಕಡೆ ಹೋಗುವವರಿಗೆ ಇದನ್ನೇ ಮಾಡಲು ಹೋಗಿ ಏಟು ತಿಂದೆ. ಪ್ರೀಕ್ಯಾಲ್ಕುಲಸ್‌ನಲ್ಲಿ 24ಕ್ಕೆ 9. ಎಕ್ಸ್ ಇರುವ ಭಿನ್ನರಾಶಿ ಹತ್ತು ನಿಮಿಷಕ್ಕೆ ಬಗ್ಗುವುದಿಲ್ಲ, ಅಲ್ಲಿ ಸಪೋರ್ಟ್ ಗಂಟೆ ದುಪ್ಪಟ್ಟು ಬೇಕು. ಕೊಡುವವರು ಯಾರು?

ಮುಂದಿನ ಸೆಮಿಸ್ಟರಿಗೆ ನನಗೆ ಎರಡು ಸೆಕ್ಷನ್ ಕೊಟ್ಟಿದ್ದಾರೆ. 14ರಲ್ಲಿ ಎರಡು ಕ್ಯಾಲ್ಕ್ಯುಲೇಟರ್ ಕಾಣೆಯಾಗಿವೆ, ಒಂದರ ಈಕ್ವಲ್ ಬಟನ್ ಅಂಟಿಕೊಂಡಿದೆ. ಫ್ರೀಮಾಂಟ್‌ನಲ್ಲಿ ಯಾರೋ ಐದು ಮಾರುತ್ತಿದ್ದಾರಂತೆ, ಒಂದಕ್ಕೆ 30. ಶನಿವಾರ ಹೋಗಿ ಚೌಕಾಸಿ ಮಾಡಬೇಕು.